ಹೋರಾಟದ ನಷ್ಟ ಯಾರ ತಲೆಗೆ?

2023ರ ಡಿಸೆಂಬರ್ 27ರಂದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಲ್ಯಾವೆಲ್ಲೆ ರಸ್ತೆಗಳ ಅಂಗಡಿ ಸಾಲಿನಲ್ಲಿ ಇಂಗ್ಲಿಷ್ ಬೋರ್ಡುಗಳು ಒಂದರ ಹಿಂದೊಂದು ಉರುಳಿದವು. ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಕೆಲವೆಡೆ ಮಸಿ ಬಳಿದರು, ಕೆಲವೆಡೆ ಫಲಕ ಕಿತ್ತೆಸೆದರು, ಕೆಲವೆಡೆ ಗಾಜು ಪುಡಿಯಾಯಿತು. ವೇದಿಕೆಯ ಅಧ್ಯಕ್ಷ ಟಿ.ಎ. ನಾರಾಯಣಗೌಡರೂ ಸೇರಿ ಹಲವರನ್ನು ಪೊಲೀಸರು ಬಂಧಿಸಿ ಜೈಲಿಗೆ ಕಳಿಸಿದರು. ಮರುದಿನವೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಲೇಬೇಕೆಂದು ಸುಗ್ರೀವಾಜ್ಞೆ ತರುವುದಾಗಿ ಹೇಳಿದರು. ರಾಜ್ಯಪಾಲರು ಸುಗ್ರೀವಾಜ್ಞೆಯನ್ನು ವಾಪಸು ಕಳಿಸಿದರು, ಸರ್ಕಾರ ಫೆಬ್ರವರಿಯಲ್ಲಿ ಅದನ್ನೇ ಮಸೂದೆ ಮಾಡಿ ವಿಧಾನಮಂಡಲದಲ್ಲಿ ಅಂಗೀಕಾರ ಪಡೆಯಿತು. ಒಂದು ಕೈಯಲ್ಲಿ ಬೇಡಿ ತೊಡಿಸಿ ಇನ್ನೊಂದು ಕೈಯಲ್ಲಿ ಕೇಳಿದ್ದನ್ನು ಕೊಟ್ಟ ಈ ಸರ್ಕಾರದಿಂದ ನಾಡಿನ ಜನ ಯಾವ ಪಾಠ ಕಲಿತಿರಬಹುದು? ಅರ್ಜಿ ಹಿಡಿದು ಬಂದವರನ್ನು ಕಾಯಿಸುತ್ತಾರೆ, ಕಲ್ಲು ಹಿಡಿದು ಬಂದವರ ಮಾತು ಮರುದಿನವೇ ಕೇಳುತ್ತಾರೆ ಎಂದು ತಾನೇ? ಆ ದಿನ ನಡೆದದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ಕನ್ನಡಾಭಿಮಾನಿಗಳು ಒಂದು ಉತ್ತರ, ವ್ಯಾಪಾರಿಗಳು ಇನ್ನೊಂದು ಉತ್ತರ ಕೊಟ್ಟು ಸುಮ್ಮನಾದರು. ಆ ಎರಡರ ಅಡಿಯಲ್ಲೂ ಇನ್ನೊಂದು ಹಳೆಯ ಪ್ರಶ್ನೆ ಇದೆ. ಪ್ರಜಾಪ್ರಭುತ್ವದಲ್ಲಿ ನೇರ ಕಾರ್ಯಾಚರಣೆಗೆ ಇಳಿಯುವ ಹಕ್ಕು ಯಾರಿಗಾದರೂ ಇದೆಯೇ? ಇದ್ದರೆ ಎಲ್ಲಿಯವರೆಗೆ?

ಮನವಿ ಪತ್ರ ಕೊಡುವವರು ಅಧಿಕಾರದಲ್ಲಿರುವವರ ಕೈಯಿಂದ ಕೆಲಸ ಮಾಡಿಸಲು ನೋಡುತ್ತಾರೆ. ನೇರ ಕಾರ್ಯಾಚರಣೆಗೆ ಇಳಿದವರು ಆ ಕೆಲಸವನ್ನು ತಾವೇ ಮಾಡುತ್ತಾರೆ, ಇಲ್ಲವೇ ನಡೆಯುತ್ತಿರುವ ಕೆಲಸವನ್ನು ತಾವೇ ನಿಲ್ಲಿಸುತ್ತಾರೆ. ಮುಷ್ಕರ, ಧರಣಿ, ಮುತ್ತಿಗೆ, ರಸ್ತೆ ತಡೆ, ಕರ ನಿರಾಕರಣೆ, ಬಹಿಷ್ಕಾರ, ಮಸಿ ಬಳಿಯುವುದು ಎಲ್ಲವೂ ಈ ಒಂದೇ ಮನೆಯ ಮಕ್ಕಳು. 2010ರ ಸುಮಾರಿಗೆ ಚರ್ಚ್ ಸ್ಟ್ರೀಟಿನಲ್ಲಿ ಹೆಸರು ಹೇಳಿಕೊಳ್ಳದ ಒಂದು ಗುಂಪು ಪಾಲಿಕೆಯನ್ನು ಕಾಯದೆ ತಾನೇ ಪೊರಕೆ ಹಿಡಿದು ಕಸದ ತಾಣಗಳನ್ನು ಶುಚಿ ಮಾಡತೊಡಗಿತು. ‘ದಿ ಅಗ್ಲಿ ಇಂಡಿಯನ್’ ಎಂಬ ಆ ಗುಂಪಿನ ಕೆಲಸವನ್ನು ಯಾರೂ ಪ್ರತಿಭಟನೆ ಎನ್ನಲಿಲ್ಲ. ಲೆಕ್ಕಕ್ಕೆ ಹಿಡಿದರೆ ಅದೂ ನೇರ ಕಾರ್ಯಾಚರಣೆಯೇ. ಹೀಗಿರುವಾಗ ಇಡೀ ಕುಲವನ್ನೇ ಒಪ್ಪುವುದು ಅಥವಾ ಇಡೀ ಕುಲವನ್ನೇ ತಿರಸ್ಕರಿಸುವುದು ಎರಡೂ ಆತುರದ ತೀರ್ಮಾನ. ಕಾನೂನು ಮುರಿಯಿತೋ ಇಲ್ಲವೋ, ಸದ್ದು ಎಷ್ಟಾಯಿತು, ಬೇಡಿಕೆ ನಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ನೋಡಿ ತೂಗುವುದು ನಮ್ಮ ರೂಢಿ. ಇವುಗಳಿಗಿಂತ ಗಟ್ಟಿಯಾದ ಅಳತೆಗೋಲು ಇನ್ನೊಂದಿದೆ ಎಂಬುದು ನನ್ನ ವಾದ. ಹೋರಾಟದ ನಷ್ಟ ಮೊದಲು ಯಾರ ತಲೆಗೆ ಬೀಳುತ್ತದೆ ಎಂದು ಕೇಳಬೇಕು. ಹೋರಾಡುವವರ ತಲೆಗೋ, ಅನ್ಯಾಯ ಮಾಡಿದ ಬಲಾಢ್ಯರ ತಲೆಗೋ ಬಿದ್ದರೆ ಅದನ್ನು ಸಮರ್ಥಿಸಬಹುದು. ದಾರಿಯಲ್ಲಿ ಸಿಕ್ಕ ಬಡಪಾಯಿಯ ತಲೆಗೆ ಬಿದ್ದರೆ ಬೇಡಿಕೆ ಎಷ್ಟೇ ನ್ಯಾಯವಾಗಿದ್ದರೂ ಕ್ರಮ ಸೋತಿತು ಎಂದೇ ಅರ್ಥ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಸಾಮಾನ್ಯರದಲ್ಲ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಕೊನೆಯ ದೊಡ್ಡ ಭಾಷಣದಲ್ಲಿ ಅಂಬೇಡ್ಕರ್ ಅವರು ಅಸಹಕಾರ, ಕಾನೂನುಭಂಗ, ಸತ್ಯಾಗ್ರಹಗಳನ್ನೂ ಇನ್ನು ಬದಿಗಿಡಬೇಕೆಂದರು. ಸಾಂವಿಧಾನಿಕ ದಾರಿ ಮುಚ್ಚಿದ್ದ ಕಾಲದಲ್ಲಿ ಅವಕ್ಕೆ ಅರ್ಥವಿತ್ತು, ದಾರಿ ತೆರೆದ ಮೇಲೆ ಅವು ಅರಾಜಕತೆಯ ವ್ಯಾಕರಣವಾಗುತ್ತವೆ ಎಂಬುದು ಅವರ ಎಚ್ಚರಿಕೆ. ಪ್ರತಿಭಟನೆಯನ್ನು ಕಂಡರಾಗದ ಅಧಿಕಾರಿಗಳಿಗೆ ಈ ಮಾತು ಬಲು ಪ್ರಿಯ. ಆದರೆ ಇದೇ ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಸಾವಿರಾರು ದಲಿತರೊಂದಿಗೆ ನಡೆದುಹೋಗಿ ನೀರು ಕುಡಿದವರು. ಇಲ್ಲಿ ಮರೆತುಹೋಗುವ ಒಂದು ಸಂಗತಿಯಿದೆ. ಆ ಕೆರೆ ಕಾಗದದ ಮೇಲೆ ಅವರಿಗೆ ಆಗಲೇ ತೆರೆದಿತ್ತು. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರು ಬಳಸಬಹುದೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು, ಮಹಾಡದ ಪುರಸಭೆ ಅದನ್ನು ಒಪ್ಪಿಯೂ ಇತ್ತು. ಕಾನೂನು ಇತ್ತು, ನೀರು ಮಾತ್ರ ಸಿಗುತ್ತಿರಲಿಲ್ಲ. ಅವರು ಯಾರ ಕೊಡವನ್ನೂ ಒಡೆಯಲಿಲ್ಲ, ಬೊಗಸೆಯೊಡ್ಡಿ ನೀರು ಕುಡಿದರು. ಏಟು ಬಿದ್ದದ್ದೂ ಕುಡಿದವರಿಗೇ. ತಿರುಗಿ ಹೊಡೆಯಬೇಡಿ ಎಂದು ಅಂಬೇಡ್ಕರ್ ತಮ್ಮವರನ್ನು ತಡೆದರು. ಅದೇ ಡಿಸೆಂಬರಿನಲ್ಲಿ ಎರಡನೆಯ ಬಾರಿ ಕೆರೆಗೆ ಹೋಗಲು ಸಿದ್ಧವಾದಾಗ ಕೋರ್ಟಿನ ತಡೆಯಾಜ್ಞೆ ಬಂತು, ಅವರು ಹೆಜ್ಜೆ ಹಿಂದಿಟ್ಟು ಮೊಕದ್ದಮೆ ನಡೆಸಿದರು. ಮುಂಬಯಿ ಹೈಕೋರ್ಟಿನಲ್ಲಿ ಗೆಲುವು ಸಿಕ್ಕಿದ್ದು 1937ರಲ್ಲಿ, ಹತ್ತು ವರ್ಷ ಕಾದ ಮೇಲೆ. 1949ರ ಭಾಷಣವನ್ನು 1927ರ ಕೆರೆಯ ದಂಡೆಯ ಮೇಲೆ ನಿಂತು ಓದಿದರೆ ಅದರ ಅರ್ಥ ಬೇರೆಯೇ ಆಗುತ್ತದೆ. ದಾರಿ ನಿಜಕ್ಕೂ ತೆರೆದಿದೆಯೇ ಎಂಬುದು ಮೊದಲ ಪರೀಕ್ಷೆ. ತೆರೆದಿಲ್ಲದಿದ್ದರೆ, ಹಕ್ಕನ್ನು ಬಳಸಿಯೇ ತೋರಿಸುವ ನೇರ ಕ್ರಮ ಸಂವಿಧಾನದ ಶತ್ರುವಲ್ಲ, ಅದಕ್ಕೆ ಕೈಕಾಲು ಕೊಡುವ ಕೆಲಸ.

ಈಗ ಬ್ರಿಗೇಡ್ ರಸ್ತೆಗೆ ಮರಳೋಣ. ಕನ್ನಡದ ಬೇಡಿಕೆಗೂ ಮಹಾಡದ ಕಾಗದಕ್ಕೂ ಒಂದು ಹೋಲಿಕೆ ಉಂಟು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರ ಹೆಸರಿನಲ್ಲೇ ಇತ್ತು, ಫಲಕದಲ್ಲಿ ಕನ್ನಡ ಮೇಲುಗೈಯಾಗಿ ಕಾಣಬೇಕೆಂಬ ನಿಯಮ ಅದಕ್ಕೂ ಹಿಂದಿನದು. ಜಾರಿ ಮಾತ್ರ ಇರಲಿಲ್ಲ. ಈ ರಸ್ತೆಗಳಿರುವ ದಂಡು ಪ್ರದೇಶದಲ್ಲಿ ಕನ್ನಡ ಕಾಣದಿರುವುದಕ್ಕೆ ಇತಿಹಾಸದ ಕಾರಣವೂ ಇದೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರು ದಂಡು ಬಿಟ್ಟಾಗಿನಿಂದ ಈ ಊರು ಪೇಟೆಯಿಂದ ಬೇರೆಯಾಗಿ ಬೆಳೆಯಿತು. ಸಿಪಾಯಿಗಳ ತಮಿಳು, ದಖನಿ ಉರ್ದು, ಸಾಹೇಬರ ಇಂಗ್ಲಿಷ್ ಇದರ ಬೀದಿ ಭಾಷೆಗಳಾದವು. ಮೈಸೂರು ಸಂಸ್ಥಾನದ ಕೈಗೆ ಇದು ಮರಳಿದ್ದು 1947ರ ಜುಲೈನಲ್ಲಿ, ಪೇಟೆಯೊಂದಿಗೆ ಒಂದೇ ಪಾಲಿಕೆಯಾದದ್ದು 1949ರಲ್ಲಿ. ತನ್ನ ರಾಜಧಾನಿಯ ಅರ್ಧ ಭಾಗದಲ್ಲಿ ತನ್ನ ಭಾಷೆ ಅತಿಥಿಯಂತೆ ನಿಲ್ಲಬೇಕಾದ ಕನ್ನಡಿಗರ ಸಂಕಟ ಸುಳ್ಳಲ್ಲ, ಅದನ್ನು ಸಂಕುಚಿತತೆ ಎಂದು ಮೂಗು ಮುರಿಯುವವರಿಗೆ ಈ ಚರಿತ್ರೆ ಗೊತ್ತಿರುವುದಿಲ್ಲ. ಬೇಡಿಕೆ ನ್ಯಾಯವಾದದ್ದು. ಆದರೆ ಕಲ್ಲು ಬಿದ್ದಾಗ ಬಾಗಿಲು ಮುಚ್ಚಿತ್ತೇ? ಫೆಬ್ರವರಿ 28ರೊಳಗೆ ಎಲ್ಲ ಅಂಗಡಿಗಳೂ ಶೇಕಡಾ 60ರ ನಿಯಮ ಪಾಲಿಸಬೇಕೆಂದು ಅಂದಿನ ಬಿಬಿಎಂಪಿ ಮುಖ್ಯ ಆಯುಕ್ತ ತುಷಾರ್ ಗಿರಿನಾಥ್ ಅದೇ ವಾರ, ಡಿಸೆಂಬರ್ 27ಕ್ಕೆ ಮೊದಲೇ, ಗಡುವು ಕೊಟ್ಟಿದ್ದರು. ಅಂದರೆ ಕನ್ನಡ ಸಂಘಟನೆಗಳ ಒತ್ತಡ ಆಗಲೇ ಫಲ ಕೊಟ್ಟಿತ್ತು. ಬಾಗಿಲು ತೆರೆಯುವ ಸದ್ದು ಕೇಳಿದ ಮೇಲೆ ಅದನ್ನು ಒದ್ದು ಒಡೆದಂತಾಯಿತು. ಒಡೆದ ಗಾಜಿನ ಲೆಕ್ಕವನ್ನಾದರೂ ಯಾರು ಕಟ್ಟಿದರು? ದೊಡ್ಡ ಬ್ರ್ಯಾಂಡುಗಳಿಗೆ ಒಂದು ಬೋರ್ಡು ಹೋದರೆ ಇನ್ನೊಂದು, ವಿಮೆಯೂ ಇರುತ್ತದೆ. ಗಾಬರಿ ಅನುಭವಿಸಿದ್ದು ಆ ಹೊತ್ತು ಕೌಂಟರಿನ ಹಿಂದೆ ನಿಂತಿದ್ದ ಸಂಬಳದ ಹುಡುಗ ಹುಡುಗಿಯರು. ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಅವರನ್ನು ಯಾವ ಮಾಲೀಕನೂ ಕೇಳಿರಲಿಲ್ಲ.

ಇದನ್ನು ಇದಕ್ಕೂ ಆರು ವರ್ಷ ಹಿಂದಿನ ಇನ್ನೊಂದು ಪ್ರಕರಣದ ಪಕ್ಕದಲ್ಲಿಟ್ಟರೆ ಅಂತರ ಎದ್ದು ಕಾಣುತ್ತದೆ. ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಯವರೆಗಿನ ನಮ್ಮ ಮೆಟ್ರೋದ ಮೊದಲ ಹಾದಿ 2011ರ ಅಕ್ಟೋಬರಿನಲ್ಲಿ ಶುರುವಾಯಿತು. ಮೆಟ್ರೋ ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಇಂಗ್ಲಿಷಿನ ಜೊತೆ ಹಿಂದಿಯೂ ಇತ್ತು. 2017ರಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಕೂಗು ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತು, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮೆಟ್ರೋ ನಿಗಮಕ್ಕೆ ಪತ್ರ ಬರೆಯಿತು. ಜುಲೈನಲ್ಲಿ ಇದೇ ರಕ್ಷಣಾ ವೇದಿಕೆಯವರು ಹಲವು ನಿಲ್ದಾಣಗಳಲ್ಲಿ ಹಿಂದಿ ಅಕ್ಷರಗಳಿಗೆ ಮಸಿ ಬಳಿದು ಬಂಧನಕ್ಕೊಳಗಾದರು. ತಿಂಗಳ ಕೊನೆಗೆ ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದರು, ಹಿಂದಿ ಅಕ್ಷರಗಳು ಮಾಯವಾದವು. ಸಂಘಟನೆ ಅದೇ, ಕಾಳಜಿ ಅದೇ, ಬೀದಿಗಳೂ ಹೆಚ್ಚುಕಡಿಮೆ ಅವೇ. ಆದರೆ ಅಲ್ಲಿ ಮಸಿ ಬಿದ್ದದ್ದು ತೀರ್ಮಾನ ಮಾಡಿದ ಸಂಸ್ಥೆಯ ಫಲಕದ ಮೇಲೆ, ತಕರಾರಿದ್ದ ಅಕ್ಷರಗಳ ಮೇಲೇ. ಪ್ರಯಾಣಿಕರಿಗೆ ರೈಲು ತಪ್ಪಲಿಲ್ಲ, ಯಾರದೂ ದಿನಗೂಲಿ ಹೋಗಲಿಲ್ಲ. ಬಳಿದವರು ಮುಖ ಮುಚ್ಚಿಕೊಳ್ಳದೆ ಬಂಧನಕ್ಕೆ ಒಡ್ಡಿಕೊಂಡರು. ಸಾರ್ವಜನಿಕ ಆಸ್ತಿಗೆ ಮಸಿ ಬಳಿಯುವುದು ಕಾನೂನಿನ ಕಣ್ಣಲ್ಲಿ ತಪ್ಪೇ, ಶಿಕ್ಷೆಯಾದರೆ ಅದನ್ನು ಅನುಭವಿಸಬೇಕು. ಆದರೂ 2017ರ ಮಸಿಯನ್ನು ಸಮರ್ಥಿಸಲು ನನಗೆ ಅಳುಕಿಲ್ಲ, 2023ರ ಗಾಜಿನ ಚೂರುಗಳನ್ನು ಸಮರ್ಥಿಸಲು ನಾಲಿಗೆ ಬಾರದು.

ಆಸ್ತಿ ಹಾಳಾದರೆ ಅದು ಹಿಂಸೆಯೇ ಎಂಬ ತಕರಾರು ಇಲ್ಲಿ ಏಳುತ್ತದೆ. ಇದನ್ನು ಕನ್ನಡದಲ್ಲಿ ಅತ್ಯಂತ ನಿರ್ಭಿಡೆಯಿಂದ ಎತ್ತಿಕೊಂಡವರು ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಜೀವಕ್ಕೆ ನೋವಾಗದಿದ್ದರೆ ಜಡವಸ್ತುವಿನ ನಾಶ ಹಿಂಸೆಯಲ್ಲ ಎಂಬುದು ಅವರ ನಿಲುವು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಹಸಿರು ಶಾಲಿನ ರೈತರು ಕಡತಗಳನ್ನು ಹೊರಗೆಸೆದು ಸುಟ್ಟರು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವನ್ನೇ ಆರಿಸಿಕೊಂಡು, ಬ್ರಿಗೇಡ್ ರಸ್ತೆಯ ಕೆ.ಎಫ್.ಸಿ. ಹೋಟೆಲಿಗೆ ನುಗ್ಗಿದರು. ಭಾರತದಲ್ಲೇ ಮೊದಲ ಕೆ.ಎಫ್.ಸಿ. ಅದು, ತೆರೆದು ವರ್ಷವೂ ಆಗಿರಲಿಲ್ಲ. ಪ್ರೊಫೆಸರ್ ಅವರ ಪರವಾಗಿ ಹೇಳಲೇಬೇಕಾದ ಮಾತು ಎಂದರೆ, ಅವರು ಎಂದೂ ಕದ್ದುಮುಚ್ಚಿ ಮಾಡಲಿಲ್ಲ. ಮೊದಲೇ ಸಾರಿದರು, ಮಾಡಿದ್ದನ್ನು ಒಪ್ಪಿಕೊಂಡರು, ಗುರಿಯಾಗಿಸಿಕೊಂಡಿದ್ದೂ ತಮಗಿಂತ ಎಷ್ಟೋ ಪಾಲು ಬಲವಾದ ಕಂಪನಿಯನ್ನು. ಹಾಗಿದ್ದರೂ ಮೇಜು ಕುರ್ಚಿ ಮುರಿಯುವಾಗ ಎದುರಿಗೆ ನಿಂತಿದ್ದ ಕೆಲಸಗಾರನ ಎದೆಬಡಿತ ಜಡವಸ್ತುವಲ್ಲ. ವಸ್ತು ಮುರಿಯುವವನ ಕೈ ಮುಂದೆ ಎಲ್ಲಿಗೆ ಬರುತ್ತದೋ ಎಂಬ ಭಯವೂ ಒಂದು ಪೆಟ್ಟೇ. ಫಲದ ದೃಷ್ಟಿಯಿಂದಲೂ ಆ ದಾಳಿ ಗೆಲ್ಲಲಿಲ್ಲ, ಇವತ್ತು ಅದೇ ಕಂಪನಿಯ ಕೋಳಿ ಇಂದಿರಾನಗರದಲ್ಲೂ ಹುರಿಯುತ್ತಿದೆ.

ಹೆಚ್ಚು ಸದ್ದು ಮಾಡದ ಇನ್ನೊಂದು ಹೋರಾಟ ಇದಕ್ಕಿಂತ ದೂರ ಸಾಗಿತ್ತು. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸರ್ಕಾರದ ಗೋಮಾಳದಂಥ ಜಮೀನನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಹಳ್ಳಿಗರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಒಂದಿಷ್ಟು ನೀಲಗಿರಿ ಕಿತ್ತರು, ಅದೇ ನೆಲದಲ್ಲಿ ದನಕ್ಕೆ, ಮನೆಗೆ ಬೇಕಾದ ಗಿಡ ನೆಟ್ಟರು. ಶಿವರಾಮ ಕಾರಂತರೂ ಸೇರಿ ಹಲವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಮೊಕದ್ದಮೆ ಜೊತೆಜೊತೆಗೇ ನಡೆಯುತ್ತಿತ್ತು. 1991ರಲ್ಲಿ ಕಂಪನಿ ಮುಚ್ಚಿತು. ಕಿತ್ತದ್ದಕ್ಕಿಂತ ಹಚ್ಚಿದ್ದರಲ್ಲಿ ಆ ಹೋರಾಟದ ಬಲವಿತ್ತು. ತಮಗೆ ಬೇಕಾದ ಊರು ಹೇಗಿರುತ್ತದೆಂದು ಜನ ತೋರಿಸಿಯೇ ಬಿಟ್ಟಿದ್ದರು. ಬ್ರಿಗೇಡ್ ರಸ್ತೆಯಲ್ಲೂ ಕನ್ನಡಕ್ಕೆ ಇಂಥದ್ದೊಂದು ದಾರಿ ಇತ್ತು. ಕನ್ನಡ ಬೋರ್ಡಿಲ್ಲದ ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಕನ್ನಡದಲ್ಲಿ ಮಾತಾಡದಿದ್ದರೆ ಬಿಲ್ ಕಟ್ಟುವುದಿಲ್ಲ ಎಂದು ವಾರಾಂತ್ಯದಲ್ಲಿ ಸಾವಿರ ಜನ ಸಾಲುಗಟ್ಟಿ ನಿಂತಿದ್ದರೆ ಯಾವ ಮಾಲೀಕ ತಾಳಿಕೊಂಡಾನು? ಕನ್ನಡ ಗ್ರಾಹಕರ ಕೂಟದಂಥ ಬಳಗಗಳು ‘ಕನ್ನಡದಲ್ಲಿ ಸೇವೆ ಕೊಡಿ’ ಎಂದು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿವೆ. ಟಿವಿ ಕ್ಯಾಮೆರಾಗಳು ಅತ್ತ ತಿರುಗುವುದಿಲ್ಲ, ಅಷ್ಟೇ.

ಎರಡನೆಯ ದೊಡ್ಡ ಆಕ್ಷೇಪ ಸಾರ್ವಜನಿಕರ ತೊಂದರೆಯದು. ರಸ್ತೆ ತಡೆದರೆ ಆಂಬುಲೆನ್ಸ್ ನಿಲ್ಲುತ್ತದೆ, ಪರೀಕ್ಷೆಗೆ ಹೊರಟ ಮಗು ಅಳುತ್ತದೆ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ದೆಹಲಿಯ ಶಾಹೀನ್ ಬಾಗ್ ಧರಣಿಯ ಪ್ರಕರಣದಲ್ಲಿ, ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ತೀರ್ಪಿತ್ತಿತು. ಆಂಬುಲೆನ್ಸಿನ ಮಾತಿಗೆ ಎದುರಾಡುವಂತಿಲ್ಲ, ದಾರಿ ಬಿಡದ ಧರಣಿ ನನ್ನ ಅಳತೆಗೋಲಿನಲ್ಲೂ ಸೋಲುತ್ತದೆ. ಆದರೆ ತೊಂದರೆಯೇ ಆಗದ ಪ್ರತಿಭಟನೆ ಬೇಕೆಂದು ಕೇಳುವುದು ಬೇರೆ ಮಾತು. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ಬಳಿ ಯಾವ ಧರಣಿಯೂ ಇಲ್ಲದೆ ದಿನವೂ ಸಂಜೆ ವಾಹನಗಳು ನಿಂತಲ್ಲೇ ನಿಲ್ಲುತ್ತವೆ. ಅದಕ್ಕಾಗಿ ಯಾರ ಮೇಲೂ ಕೇಸು ಬೀಳುವುದಿಲ್ಲ. ಯೋಜನೆಯಿಲ್ಲದ ನಗರ ಕೊಡುವ ಕಾಟವನ್ನು ಸಹಿಸುವ ನಾವು, ನೂರು ಜನ ಹೆಂಗಸರು ಬ್ಯಾನರ್ ಹಿಡಿದರೆ ಮಾತ್ರ ಸಾರ್ವಜನಿಕರ ಸಂಕಟ ನೆನೆಯುತ್ತೇವೆ. ಮುಷ್ಕರದಲ್ಲಂತೂ ಮೊದಲ ಪೆಟ್ಟು ಮುಷ್ಕರ ಹೂಡಿದವರ ಹೊಟ್ಟೆಗೇ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ 77 ದಿನ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್‌ಗಳ ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದಾಗ ವಿಮಾನಪುರದಿಂದ ದೂರವಾಣಿನಗರದವರೆಗೆ ಸಂಬಳವಿಲ್ಲದ ಮನೆಗಳೇ. ಬಿಎಚ್‌ಇಎಲ್ ಕಾರ್ಮಿಕರಿಗೆ ಸರಿಸಮನಾದ ವೇತನ ಅವರ ಬೇಡಿಕೆ. ಅದು ಈಡೇರದೆ ಅವರು ಕೆಲಸಕ್ಕೆ ಮರಳಿದರು. ಸೋತರೂ ಆ ಮುಷ್ಕರ ನ್ಯಾಯವಾದದ್ದೇ, ಏಕೆಂದರೆ ಅದರ ಖರ್ಚನ್ನು ಅವರೇ ಭರಿಸಿದ್ದರು. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ನಾಲ್ಕು ದಿನ ಕೂತಾಗ ನಗರದಲ್ಲಿ ಕಸ ನಾರಿತು, ನಿಜ. ಕಾಯಂ ಕೆಲಸಕ್ಕಾಗಿ ಅವರು ಎಷ್ಟು ವರ್ಷ ಅರ್ಜಿ ಹಿಡಿದು ಅಲೆದಿದ್ದರೆಂಬುದು ಆ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಎಲ್ಲರ ಮೂಗಿಗೆ ತಟ್ಟಿತು. ಸರ್ಕಾರ ಲಿಖಿತ ಭರವಸೆ ಕೊಟ್ಟಿತು, ಸೆಪ್ಟೆಂಬರಿನಲ್ಲಿ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು.

ಪ್ರತಿಭಟನೆಯನ್ನು ಒಂದು ಮೂಲೆಗೆ ಕಟ್ಟಿಹಾಕಿದರೆ ಎಲ್ಲರಿಗೂ ನೆಮ್ಮದಿ ಎಂದು ವಾದಿಸುವವರೂ ಇದ್ದಾರೆ. ಬೆಂಗಳೂರಿನಲ್ಲಿ ಅದೂ ಆಗಿದೆ. ನಗರ ಪೊಲೀಸರ 2021ರ ಆದೇಶದಂತೆ ಧರಣಿ, ಪ್ರತಿಭಟನೆಗೆ ಸ್ವಾತಂತ್ರ್ಯ ಉದ್ಯಾನ ಒಂದೇ ಜಾಗ. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಕೂಡ ಅದನ್ನು ಖಡಾಖಂಡಿತವಾಗಿ ಪಾಲಿಸುವಂತೆ ಹೇಳಿತು. ಅದು ಹಳೆಯ ಸೆಂಟ್ರಲ್ ಜೈಲಿನ ಆವರಣ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿಯವರನ್ನು ಕೂಡಿಹಾಕಿದ್ದ ಜೈಲಿನ ಗೋಡೆಗಳ ನಡುವೆಯೇ ಈಗ ಭಿನ್ನಮತಕ್ಕೆ ಜಾಗ. ದಟ್ಟಣೆಯ ನಗರದಲ್ಲಿ ಒಂದು ಶಿಸ್ತು ಬೇಕೆಂಬುದನ್ನು ಒಪ್ಪಬಹುದು, ಆದರೆ ನೇರ ಕ್ರಮಕ್ಕೆ ಸ್ಥಳವೇ ಜೀವ. 2021ರ ಡಿಸೆಂಬರ್ 1ರಂದು ಐಟಿಐ ಕಾರ್ಖಾನೆಯ 80 ಗುತ್ತಿಗೆ ಕಾರ್ಮಿಕರನ್ನು ಗೇಟಿನೊಳಗೆ ಬಿಡಲಿಲ್ಲ. ಅವರು ಆ ಗೇಟಿನ ಮುಂದೆಯೇ ತಿಂಗಳುಗಟ್ಟಲೆ ಕೂತರು. ದಿನವೂ ಒಳಹೋಗುವ ಅಧಿಕಾರಿ ಆ ಮುಖಗಳನ್ನು ನೋಡಿಕೊಂಡೇ ಹೋಗಬೇಕಾಗಿತ್ತು. ಅದೇ ಜನ ಅಲ್ಲಿಂದ ದೂರದ ಆ ಉದ್ಯಾನದಲ್ಲಿ ಕೂತಿದ್ದರೆ ಪಾರಿವಾಳಗಳಷ್ಟೇ ನೋಡುತ್ತಿದ್ದವು. 2020ರ ಫೆಬ್ರವರಿಯಲ್ಲಿ ಟ್ಯಾನರಿ ರಸ್ತೆಯ ‘ಬಿಲಾಲ್ ಬಾಗ್’ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಹಗಲೂ ರಾತ್ರಿ ಕೂತ ಹೆಂಗಸರ ಮಾತಿಗೂ ಇದೇ ಕಾರಣಕ್ಕೆ ತೂಕವಿತ್ತು. ತಮ್ಮ ಬೀದಿಯಲ್ಲಿ, ತಮ್ಮ ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು, ಮುಖ ತೋರಿಸಿ ಅವರು ಕೂತಿದ್ದರು. ಆ ಧರಣಿ ಎದ್ದದ್ದು ಮಾರ್ಚ್‌ನಲ್ಲಿ, ಕೊರೊನಾ ಬಂದಾಗ.

ಅಪ್ಪಣೆ ಪಡೆದೇ ಪ್ರತಿಭಟಿಸಿ ಎನ್ನುವವರಿಗೆ ಅದಕ್ಕಿಂತ ಸ್ವಲ್ಪ ಹಿಂದಿನ ಘಟನೆಯೊಂದನ್ನು ನೆನಪಿಸಬೇಕು. 2019ರ ಡಿಸೆಂಬರ್ 18ರಂದು ನಗರ ಪೊಲೀಸ್ ಆಯುಕ್ತರು ಮೂರು ದಿನ ಸೆಕ್ಷನ್ 144 ಹೇರಿದರು. ಮರುದಿನ ಅದೇ ಪೌರತ್ವ ಕಾಯ್ದೆಯ ವಿರುದ್ಧ ಪುರಭವನದ ಮುಂದೆ ಸೇರಿದವರನ್ನು ಬಸ್ಸಿಗೆ ತುಂಬಿದರು, ಇತಿಹಾಸಕಾರ ರಾಮಚಂದ್ರ ಗುಹಾ ಅವರೂ ಅದರಲ್ಲಿದ್ದರು. 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರ ಪೀಠ ಆ ಆದೇಶವೇ ಕಾನೂನುಬಾಹಿರ ಎಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು, ತೀರ್ಪು ಬರುವ ಹೊತ್ತಿಗೆ ಆದೇಶದ ಅವಧಿ ಮುಗಿದು ಎರಡು ತಿಂಗಳಾಗುತ್ತ ಬಂದಿತ್ತು. ಆ ಮೂರು ದಿನ ಸಂವಿಧಾನದ ಪರ ನಿಂತಿದ್ದವರು ಆದೇಶ ಮೀರಿದವರೇ ಹೊರತು ಹೊರಡಿಸಿದವರಲ್ಲ. ಕಾನೂನು ಮುರಿದದ್ದೇ ತಪ್ಪಿನ ಗುರುತು ಎಂದರೆ ಅವರೆಲ್ಲ ತಪ್ಪಿತಸ್ಥರಾಗಬೇಕಾಗುತ್ತದೆ.

ಇನ್ನು ಪರಿಣಾಮವಾದಿಗಳ ಮಾತು. ಗಲಾಟೆ ಮಾಡಿದರೆ ಕೆಲಸವಾಗುತ್ತದೆ, ಆದ್ದರಿಂದ ಗಲಾಟೆ ಸರಿ ಎನ್ನುವ ತರ್ಕ ನಮ್ಮಲ್ಲಿ ಎಲ್ಲ ಪಕ್ಷಗಳಿಗೂ ಒಗ್ಗಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದಾಗ ಅದರ ವಿರುದ್ಧದ ಪ್ರತಿಭಟನೆ ದಂಗೆಯಾಯಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ವಾರ್ತೆ ನಿಂತಿತು. ಪರಿಣಾಮವನ್ನೇ ನೋಡುವುದಾದರೆ ಆ ‘ಹೋರಾಟ’ ಗೆದ್ದಿತು. ಹತ್ತು ನಿಮಿಷದ ವಾರ್ತೆಯ ಬೆಲೆ ಇಪ್ಪತ್ತು ಹೆಣ ಎಂದು ಯಾವ ಕನ್ನಡಿಗ ಎದೆ ತಟ್ಟಿ ಹೇಳಿಯಾನು? ಸತ್ತವರಲ್ಲಿ ಯಾರೂ ವಾರ್ತೆಯ ಸಮಯ ನಿಗದಿ ಮಾಡಿದವರಲ್ಲ.

2020ರ ಆಗಸ್ಟ್ 11ರ ರಾತ್ರಿ ಪೂರ್ವ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಎರಡು ಬಗೆಯ ನೇರ ಕ್ರಮಗಳು ಅಕ್ಕಪಕ್ಕದಲ್ಲೇ ನಡೆದವು. ಪುಲಕೇಶಿನಗರದ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಸಂಬಂಧಿಯೊಬ್ಬನ ಫೇಸ್‌ಬುಕ್ ಬರಹದಿಂದ ಕೆರಳಿದ ಗುಂಪು ಪೊಲೀಸರು ಕೂಡಲೇ ಕ್ರಮ ಕೈಗೊಳ್ಳಲಿಲ್ಲವೆಂದು ಠಾಣೆಗೆ, ವಾಹನಗಳಿಗೆ, ಶಾಸಕರ ಮನೆಗೆ ಬೆಂಕಿ ಹಚ್ಚಿತು. ಗೋಲಿಬಾರಿನಲ್ಲಿ ಮೂವರು ಸತ್ತರು. ಆಮೇಲೆ ಬಂದದ್ದು ಎನ್‌ಐಎ ತನಿಖೆ, ನೂರಾರು ಬಂಧನ, ನಷ್ಟದ ಲೆಕ್ಕ ಹಾಕಲು ಹೈಕೋರ್ಟ್ ನೇಮಿಸಿದ ಆಯುಕ್ತರು. ಬರಹ ಬರೆದವನ ಮೇಲೆ ದೂರು ಕೊಡಲು ಹೋದವರ ಹಕ್ಕು ಆ ಬೆಂಕಿಯಲ್ಲಿ ಬೂದಿಯಾಯಿತು, ನಷ್ಟ ಹೊತ್ತವರು ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿದ್ದ ನೆರೆಹೊರೆಯವರು. ಅದೇ ರಾತ್ರಿ, ಅದೇ ಬಡಾವಣೆಯಲ್ಲಿ, ಮುಸ್ಲಿಂ ಯುವಕರ ಇನ್ನೊಂದು ಗುಂಪು ದೇವಸ್ಥಾನವೊಂದರ ಮುಂದೆ ಕೈಕೈ ಹಿಡಿದು ಸರಪಳಿ ಮಾಡಿ ನಿಂತಿತು. ಅವರೂ ಪೊಲೀಸರಿಗಾಗಿ ಕಾಯಲಿಲ್ಲ, ಅಪ್ಪಣೆ ಕೇಳಲಿಲ್ಲ. ಕಲ್ಲು ಬಂದಿದ್ದರೆ ಮೊದಲು ಅವರಿಗೇ ಬೀಳುತ್ತಿತ್ತು.

ನನ್ನ ಅಳತೆಗೋಲಿನ ಮೇಲೂ ಒಂದು ಗಂಭೀರ ಆರೋಪ ಬರುತ್ತದೆ. ಈಗಾಗಲೇ ನೊಂದವರನ್ನು ಇನ್ನಷ್ಟು ನೋಯಿರಿ, ಆಗ ನಿಮ್ಮ ಹೋರಾಟ ಒಪ್ಪುತ್ತೇವೆ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶವಲ್ಲವೇ? 2016ರ ಏಪ್ರಿಲ್ 18, 19ರಂದು ಬೊಮ್ಮನಹಳ್ಳಿ, ಹೊಸೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕನೂ ಇಲ್ಲದೆ ಬೀದಿಗಿಳಿದರು. ತಮ್ಮದೇ ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಎರಡನೇ ದಿನ ಕೆಲವೆಡೆ ಬಸ್ಸು, ಪೊಲೀಸ್ ವಾಹನಗಳು ಸುಟ್ಟವು. ಅಂದೇ ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. ಆ ಹೆಣ್ಣುಮಕ್ಕಳಿಗೆ ನೋವಿನ ಪಾಠ ಹೇಳುವ ಯೋಗ್ಯತೆ ಯಾರಿಗೂ ಇಲ್ಲ, ಅವರನ್ನು ಒಂದು ಮಾತೂ ಕೇಳದೆ ಅವರ ದುಡ್ಡಿಗೆ ಬೀಗ ಹಾಕಿದ ದೆಹಲಿಯ ಕಚೇರಿಯೇ ಆ ಎರಡು ದಿನಕ್ಕೆ ಮೊದಲ ಹೊಣೆಗಾರ. ಯಂತ್ರ ನಿಲ್ಲಿಸಿ ರಸ್ತೆಗೆ ಬಂದದ್ದು ಸರಿ, ಬಸ್ಸು ಸುಟ್ಟದ್ದು ಸರಿಯಲ್ಲ. ಇವೆರಡನ್ನೂ ಒಟ್ಟಿಗೇ ಹೇಳಬಹುದು, ಹೇಳಬೇಕು. ಹೆಚ್ಚು ನೋಯಿರಿ ಎಂದು ಯಾರನ್ನೂ ಕೇಳುವಂತಿಲ್ಲ. ಕೇಳಬೇಕಾದದ್ದು ಇಷ್ಟೇ, ನಿಮಗಿಂತ ಬಡವನ ಮೇಲೆ ಅದನ್ನು ದಾಟಿಸಬೇಡಿ.

ಈ ಲೆಕ್ಕದಲ್ಲಿ ಸರ್ಕಾರದ ಪಾಲು ಎಲ್ಲರಿಗಿಂತ ದೊಡ್ಡದು. ಮೌನವಾಗಿ ಕೂತವರ ಬಳಿಗೆ ತಿಂಗಳಾದರೂ ಒಬ್ಬ ಮಂತ್ರಿ ಸುಳಿಯದೆ, ಗಾಜು ಒಡೆದ ಮರುದಿನ ಸುಗ್ರೀವಾಜ್ಞೆಯ ಮಾತು ಬರುತ್ತಿರುವ ತನಕ ಕಲ್ಲಿನ ಬೆಲೆ ಏರುತ್ತಲೇ ಇರುತ್ತದೆ. ಅಂಗಡಿಯ ಪರವಾನಗಿ ನವೀಕರಿಸುವಾಗಲೇ ಪಾಲಿಕೆಯ ಇನ್‌ಸ್ಪೆಕ್ಟರ್ ಬೋರ್ಡು ನೋಡಿದ್ದರೆ ಬ್ರಿಗೇಡ್ ರಸ್ತೆಗೆ ಯಾರೂ ಕಲ್ಲು ತರಬೇಕಾಗಿರಲಿಲ್ಲ. ಇನ್ನು ಮೇಲಾದರೂ ನೋಡಲಿ. ಧರಣಿಗೆ ಸ್ವಾತಂತ್ರ್ಯ ಉದ್ಯಾನವೊಂದೇ ಗತಿ ಎನ್ನುವ ಆದೇಶವನ್ನೂ ಹಿಂಪಡೆದು, ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಜನಕ್ಕೆ ತಮ್ಮ ತಮ್ಮ ಗೇಟಿನ ಮುಂದೆ, ದಾರಿ ಬಿಟ್ಟು ಕೂರಲು ಜಾಗ ಕೊಡಲಿ.